ಒಂದು ಹನಿ ಸೋರಿದ್ರೂ ಸ್ಟಾರ್ಟ್ ಮಾಡಬೇಡಿ

ಭಾಗ 1/6

ಮೊದಲ ಫೋಟೋ ನೋಡಿ. ಅದು ನಮ್ಮ ಟರ್ಬೈನ್ ಜೆಟ್‌ನ ಹೊಟ್ಟೆ. ಆ ಕಪ್ಪು ಪೇಂಟ್ ಅಲ್ಲ, ಮಸಿ.

ಹಾರೋ ವಿಡಿಯೋ ನೋಡಿ ಫಾಲೋ ಮಾಡಿದವರು ಸ್ವಲ್ಪ ಕ್ಷಮಿಸಿ, ಇವತ್ತು ಹಾರದೇ ಉಳಿದ ದಿನದ ಕಥೆ. ಕನಕಪುರ ರಸ್ತೆಯಾಚೆ ಪರಿಚಯದವರ ಜಮೀನು. ಅನುಮತಿ ಕೇಳಿದ್ವಿ, ಡಿಜಿಟಲ್ ಸ್ಕೈ ಮ್ಯಾಪ್ ನೋಡಿದ್ವಿ, ಸಿಒಟು ಎಕ್ಸ್‌ಟಿಂಗ್ವಿಷರ್ ತಂದಿದ್ವಿ. ಎಲ್ಲಾ ಸರಿ ಇತ್ತು. ನಾನು ಪಂಪ್ ಹಿಡಿದು ಇಂಧನ ತುಂಬಿಸ್ತಿದ್ದೆ. ನಮ್ಮ ಜೂನಿಯರ್ ಒಬ್ಬ ಬಗ್ಗಿ ನೋಡಿ, "ಅಣ್ಣಾ, ಇಲ್ಲಿ ಒದ್ದೆ ಇದೆ" ಅಂದ.

ನಾನು ಅಂದಿದ್ದು ಎರಡೇ ಪದ: "ಒರೆಸು, ಸಾಕು."

ಸ್ಟಾರ್ಟ್ ಮಾಡಿ ಕೆಲವೇ ಸೆಕೆಂಡಿಗೆ ಹ್ಯಾಚ್ ಸಂದಿಯಿಂದ ಹೊಗೆ, ಹಿಂದೆನೇ ಬೆಂಕಿ. ಎಕ್ಸ್‌ಟಿಂಗ್ವಿಷರ್ ಹಿಡಿದು ಮೊದಲು ಓಡಿದವನು ಯಾರು ಗೊತ್ತಾ? ಅದೇ ಹುಡುಗ. ಯಾರಿಗೂ ಏನೂ ಆಗಲಿಲ್ಲ. ವೈರಿಂಗ್ ಹೋಯ್ತು, ನನ್ನ ಮರ್ಯಾದೆನೂ ಹೋಯ್ತು.

ಅದಕ್ಕೇ ಈ ಸರಣಿ. ನನ್ನ ಅಭಿಪ್ರಾಯ ಒಂದೇ ಸಾಲಿನದು: ಸೋರಿಕೆ ಅನ್ನೋದು "ಸ್ವಲ್ಪ" ಅನ್ನೋ ಲೆಕ್ಕಕ್ಕೆ ಬರೋ ವಸ್ತು ಅಲ್ಲ. ಇದೆ ಅಥವಾ ಇಲ್ಲ, ಅಷ್ಟೇ.

ಭಾಗ 2/6

"ಸೀಮೆಎಣ್ಣೆ ತಾನೇ, ಪೆಟ್ರೋಲ್ ಅಲ್ವಲ್ಲ" ಅಂತೀರಿ. ನಾನೂ ಹಾಗೇ ಅಂತಿದ್ದೆ.

ಮಾಡೆಲ್ ಟರ್ಬೈನ್ ಕುಡಿಯೋದು ಸೀಮೆಎಣ್ಣೆ ಅಥವಾ ಜೆಟ್ ಎ-1, ಅದರ ಜೊತೆ ಸುಮಾರು ಶೇ 5 ಟರ್ಬೈನ್ ಎಣ್ಣೆ. ಬೇರಿಂಗ್‌ಗೆ ಬೇರೆ ಎಣ್ಣೆ ಡಬ್ಬಿ ಇಲ್ಲ. ಇಂಧನದಲ್ಲಿರೋ ಈ ಎಣ್ಣೆನೇ ಬೇರಿಂಗ್ ಕಾಯಬೇಕು. ನಮ್ಮ ಮೊಣಕೈ ಉದ್ದದ ಇಂಜಿನ್ ಒಳಗೆ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗೋ ಬೇರಿಂಗ್ ಅದು.

ಜೆಟ್ ಎ-1ಕ್ಕೆ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಂದ್ರೆ ಅಷ್ಟು ಬಿಸಿಯಾದ್ರೆ ಮೇಲಿರೋ ಆವಿ ಕಿಡಿ ತಾಗಿ ಹೊತ್ತಿಕೊಳ್ಳಬಹುದು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರ್ ಡಿಕ್ಕಿ, ಮುಚ್ಚಿದ ವಿಮಾನದ ಹೊಟ್ಟೆ ಎಷ್ಟು ಕಾಯುತ್ತೆ ಅಂತ ನೀವೇ ಮುಟ್ಟಿ ನೋಡಿ. ಇನ್ನೂ ಒಂದಿದೆ. ಬಟ್ಟೆ, ಬಾಲ್ಸಾ ಮರ, ಸ್ಪಾಂಜು ಸೀಮೆಎಣ್ಣೆ ಹೀರಿದ್ರೆ ಅದು ಬತ್ತಿ ಆಗುತ್ತೆ. ದೀಪದ ಬುಡ್ಡಿಯಲ್ಲಿ ಎಣ್ಣೆ ತಣ್ಣಗೇ ಇರುತ್ತೆ, ಬತ್ತಿ ಮಾತ್ರ ಉರಿಯುತ್ತೆ ಅಲ್ವಾ?

ನಮ್ಮಜ್ಜಿಗೆ ಟರ್ಬೈನ್ ಗೊತ್ತಿಲ್ಲ, ಪಂಪ್ ಸ್ಟೌವ್ ಗೊತ್ತು. ವಾಷರ್ ಸೋರಿದ್ರೆ ಎಷ್ಟೇ ಹಸಿವಾಗಿರ್ಲಿ, ಸ್ಟೌವ್ ಹಚ್ಚುತ್ತಿರಲಿಲ್ಲ. ಸುಟ್ಟ ಜೆಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸೋರ್ತಿತ್ತು ಅಂತ ಗೊತ್ತಿದ್ದೂ ಹಚ್ಚಿದೆಯೇನೋ?"

ಉತ್ತರ ಇರಲಿಲ್ಲ.

ಭಾಗ 3/6

ಸೋರಿಕೆಗೆ ಎರಡು ಮುಖ ಇದೆ. ಇದನ್ನ ಸೇವ್ ಮಾಡ್ಕೊಳ್ಳಿ.

ಇಂಧನದ ದಾರಿ ಹೀಗೆ: ಮುಖ್ಯ ಟ್ಯಾಂಕ್, ಅಲ್ಲಿಂದ ಗಾಳಿಗುಳ್ಳೆ ತಡೆಯೋ ಪುಟ್ಟ ಹೆಡರ್ ಟ್ಯಾಂಕ್, ಆಮೇಲೆ ಪಂಪ್, ಕೊನೆಗೆ ಇಂಜಿನ್. ಪಂಪ್ ನಂತರದ ಭಾಗದಲ್ಲಿ ಒತ್ತಡ ಇರುತ್ತೆ. ಅಲ್ಲಿ ಸಡಿಲ ಇದ್ರೆ ಎಣ್ಣೆ ಹೊರಗೆ ಬರುತ್ತೆ, ಕಣ್ಣಿಗೆ ಕಾಣುತ್ತೆ. ಪಂಪ್‌ಗಿಂತ ಮುಂಚಿನ ಭಾಗದಲ್ಲಿ ಹೀರಿಕೆ ಇರುತ್ತೆ. ಇಂಜಿನ್ ಓಡುವಾಗ ಅಲ್ಲಿ ಎಣ್ಣೆ ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತೆ. ಹನಿ ಕಾಣಲ್ಲ. ಗುಳ್ಳೆ ಇಂಜಿನ್ ತಲುಪಿದ ಕ್ಷಣ ಜ್ವಾಲೆ ಆರುತ್ತೆ, ಆಕಾಶದಲ್ಲಿ ನಿಮ್ಮ ಜೆಟ್ ಕಲ್ಲಾಗುತ್ತೆ.

ಅಂದ್ರೆ ಕೆಳಗೆ ಒದ್ದೆ ಇಲ್ಲ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅಂತಲ್ಲ.

ನಮ್ಮ ಬೆಂಕಿಗೆ ಕಾರಣ ಎರಡು ಇಂಚು ಸಿಲಿಕೋನ್ ಟ್ಯೂಬ್. ಹಳೇ ಗ್ಲೋ ಇಂಜಿನ್ ವಿಮಾನದಿಂದ ಕಿತ್ತು ಇಂಧನ ತುಂಬೋ ಲೈನಿಗೆ ಹಾಕಿದ್ದೆ. ಮೆಥನಾಲ್ ಇರೋ ಗ್ಲೋ ಇಂಧನಕ್ಕೆ ಸಿಲಿಕೋನ್ ಚೆನ್ನಾಗಿದೆ. ಸೀಮೆಎಣ್ಣೆ ತಾಗಿದ್ರೆ ಊದಿಕೊಂಡು ಮೆತ್ತಗಾಗುತ್ತೆ, ಹಿಡಿತ ಬಿಡುತ್ತೆ. ತಪ್ಪು ಟ್ಯೂಬಿನದಲ್ಲ.

ಈಗ ನಮ್ಮಲ್ಲಿ ಟ್ಯಾಂಕ್ ಕಡೆ ಇಂಧನಕ್ಕೇ ಮಾಡಿದ ಹಳದಿ ಟೈಗಾನ್, ಪಂಪ್ ನಂತರ ಪಾಲಿಯುರೆಥೇನ್ ಟ್ಯೂಬ್ ಮತ್ತು ಒತ್ತಿ ಕೂರಿಸೋ ಫಿಟಿಂಗ್. ಟ್ಯೂಬನ್ನ ಹೊಸ ಬ್ಲೇಡಿನಲ್ಲಿ ನೇರ ಕತ್ತರಿಸಿ. ಓರೆ ಕತ್ತರಿಸಿದ್ರೆ ಒಳಗಿನ ಓ-ರಿಂಗ್ ಸರಿಯಾಗಿ ಹಿಡಿಯಲ್ಲ. ತಳ್ಳಿ ಕೂರಿಸೋ ಜಾಗಗಳಿಗೆ ತೆಳು ತಂತಿ ಸುತ್ತಿ ಬಿಗಿ ಮಾಡಿ. ಟೈಗಾನ್ ಕಾಲ ಕಳೆದಂತೆ ಗಟ್ಟಿಯಾಗುತ್ತೆ, ಬಿರುಕು ಬಿಡೋ ತನಕ ಕಾಯಬೇಡಿ.

ಭಾಗ 4/6

ಇನ್ನು ತುಂಬಿಸೋ ವಿಧಾನ. ನೂರಕ್ಕೆ ತೊಂಬತ್ತು ಕಡೆ ನಾನು ಕಂಡಿದ್ದು ಇದೇ: ಟ್ಯಾಂಕ್ ತುಂಬಿ ವೆಂಟ್‌ನಿಂದ ಎಣ್ಣೆ ಹುಲ್ಲಿನ ಮೇಲೆ ಚೆಲ್ಲಿದಾಗ "ಫುಲ್ ಆಯ್ತು!" ಅಂತ ಕೂಗೋದು. ಇದು ತುಂಬಿಸೋದಲ್ಲ, ಚೆಲ್ಲೋದು.

ನಾವೀಗ ತಾರಸಿ ಮೇಲೆ ಕೂತು ಮಾಡಿರೋ ಕ್ಯಾನ್ ನಾಲ್ಕನೇ ಫೋಟೋದಲ್ಲಿದೆ. ಹಿಂದೆ ಕಾಣೋದು ತಲಘಟ್ಟಪುರ ಮೆಟ್ರೋ. ಕ್ಯಾನ್ ಮುಚ್ಚಳಕ್ಕೆ ಎರಡು ಟ್ಯೂಬ್. ಒಂದರಲ್ಲಿ ಪಂಪ್ ಮೂಲಕ ಎಣ್ಣೆ ವಿಮಾನಕ್ಕೆ ಹೋಗುತ್ತೆ. ಇನ್ನೊಂದು ವಿಮಾನದ ವೆಂಟ್‌ನಿಂದ ವಾಪಸ್ ಕ್ಯಾನಿಗೆ ಬರುತ್ತೆ. ಎಷ್ಟು ಎಣ್ಣೆ ಹೋಯ್ತೋ ಅಷ್ಟೇ ಗಾಳಿ ಹಿಂದೆ ಬರುತ್ತೆ. ಪಾರದರ್ಶಕ ಟ್ಯೂಬಿನಲ್ಲಿ ಗಾಳಿ ಬದಲು ಎಣ್ಣೆ ಬರೋಕೆ ಶುರುವಾದ್ರೆ ಟ್ಯಾಂಕ್ ತುಂಬಿದೆ, ಪಂಪ್ ನಿಲ್ಲಿಸಿ. ನೆಲಕ್ಕೆ ಹನಿನೂ ಬೀಳಲ್ಲ.

ಕ್ರಮ ಮರೀಬೇಡಿ. ಪಂಪ್ ಒಂದು ಕ್ಷಣ ಹಿಂದಕ್ಕೆ ಓಡಿಸಿ ಒತ್ತಡ ಇಳಿಸಿ. ತುಂಬೋ ಲೈನ್ ಮೊದಲು ಬಿಚ್ಚಿ, ವೆಂಟ್ ಕೊನೆಗೆ. ಬಿಚ್ಚಿದ ತಕ್ಷಣ ತಾನೇ ಮುಚ್ಚಿಕೊಳ್ಳೋ ಕಪ್ಲರ್ ಹಾಕಿ. ವಾಪಸ್ ಟ್ಯೂಬ್ ಎಲ್ಲೂ ಮಡಚಿರಬಾರದು, ಮಡಚಿದ್ರೆ ಟ್ಯಾಂಕ್ ಬಲೂನ್ ಆಗುತ್ತೆ. ವೆಂಟ್‌ಗೆ ಬಿರಡೆ ಹಾಕೋ ಅಭ್ಯಾಸ ಇದ್ರೆ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ. ತೆಗೆಯೋಕೆ ಮರೆತ್ರೆ ಟ್ಯಾಂಕ್ ಕುಗ್ಗಿ ಇಂಜಿನ್ ಉಪವಾಸ ಬೀಳುತ್ತೆ.

ಪರೀಕ್ಷೆ ಸುಲಭ. ಟ್ಯಾಂಕನ್ನ ವಿಮಾನದಲ್ಲಿ ಕೂರಿಸೋ ಮುಂಚೆ ಬಕೆಟ್ ನೀರಲ್ಲಿ ಮುಳುಗಿಸಿ, ಬಿ.ಪಿ. ನೋಡೋ ಬಲ್ಬಿನಿಂದ ಮೆಲ್ಲಗೆ ಗಾಳಿ ಒತ್ತಿ, ಗುಳ್ಳೆ ನೋಡಿ. ಕೂರಿಸಿದ ಮೇಲೆ ತುಂಬಿಸಿ, ಕೆಳಗೆ ಹಳೇ ಪೇಪರ್ ಹಾಸಿ, ಒಂದು ಗಂಟೆ ಕಾಯಿರಿ. ಪೇಪರ್ ಮೇಲೆ ಕಲೆ ಬಿದ್ರೆ ಅವತ್ತಿನ ಹಾರಾಟ ಮುಗೀತು.

ಭಾಗ 5/6

ಈಗ ನೀವು ಹೇಳೋ ನೆಪಗಳು.

"ಎಸ್‌ಆರ್-71 ಬ್ಲ್ಯಾಕ್‌ಬರ್ಡೇ ನೆಲದ ಮೇಲೆ ಸೋರ್ತಿತ್ತಲ್ಲ ಮಗಾ!" ನಿಜ, ಸೋರ್ತಿತ್ತು. ಆದ್ರೆ ಅದು ಶಬ್ದದ ಮೂರು ಪಟ್ಟು ವೇಗದಲ್ಲಿ ಕಾದು ಹಿಗ್ಗೋ ವಿಮಾನ, ಸುಲಭಕ್ಕೆ ಹೊತ್ತದ ಜೆಪಿ-7 ಅನ್ನೋ ವಿಶೇಷ ಇಂಧನ ಅದರದ್ದು. ನಿಮ್ಮ ಜೆಟ್‌ಗೆ ಎರಡೂ ಇಲ್ಲ.

"ಸಣ್ಣದು, ಏನಾಗಲ್ಲ." 2001ರ ಆಗಸ್ಟ್ 24, ಏರ್ ಟ್ರಾನ್ಸಾಟ್ 236. ಬದಲಾಯಿಸಿದ ಇಂಜಿನ್‌ನಲ್ಲಿ ಒಂದಕ್ಕೊಂದು ಹೊಂದದ ಭಾಗ ಹಾಕಿದ್ರು. ಹೈಡ್ರಾಲಿಕ್ ಪೈಪ್ ಇಂಧನದ ಪೈಪಿಗೆ ಉಜ್ಜಿ ಬಿರುಕು ಬಿತ್ತು. ಮಾಪಕ ಎರಡು ಕಡೆಯ ಟ್ಯಾಂಕ್‌ಗಳ ವ್ಯತ್ಯಾಸ ತೋರಿಸ್ತು. ಸೋರಿಕೆ ಅಂತ ನಂಬದ ಪೈಲಟ್‌ಗಳು ಒಳ್ಳೇ ಕಡೆಯ ಎಣ್ಣೆಯನ್ನೂ ಸೋರೋ ಕಡೆಗೇ ಹರಿಸಿದ್ರು. ಅಟ್ಲಾಂಟಿಕ್ ಮೇಲೆ ಎರಡೂ ಇಂಜಿನ್ ನಿಂತು, ತೇಲಿಕೊಂಡೇ ಅಜೋರಿಸ್ ದ್ವೀಪದಲ್ಲಿ ಇಳಿಸಿದ್ರು. 306 ಜನರೂ ಬದುಕಿದ್ರು. ಇಳಿಸಿದ ಕೈಚಳಕ ದೊಡ್ಡದು. ಆದ್ರೆ ನಾನು ನೆನಪಿಟ್ಟುಕೊಂಡಿರೋದು ಸುಳಿವು ಕಣ್ಣೆದುರೇ ಇತ್ತು ಅನ್ನೋದನ್ನ.

"ದುಡ್ಡಿಲ್ಲ." ಇಂಜಿನ್‌ಗೆ ಲಕ್ಷಗಟ್ಟಲೆ ಸ್ಪಾನ್ಸರ್ ಹುಡುಕ್ತೀವಿ, ಫಿಟಿಂಗ್‌ಗೆ ಬಂದಾಗ ಜುಗ್ಗತನ. ಇದು ಬಡತನ ಅಲ್ಲ.

"ನೆಲಕ್ಕೆ ತಾನೇ ಬೀಳೋದು." ಆ ನೆಲದ ಕೆಳಗೇ ಬೋರ್‌ವೆಲ್ ಇದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕ್ಯೂ ನಿಂತಿದ್ದು ಮರೆತುಹೋಯ್ತಾ? ಟರ್ಬೈನ್ ಎಣ್ಣೆಯಲ್ಲಿ ಸಾಮಾನ್ಯವಾಗಿ ಇರೋ ಟ್ರೈಕ್ರೆಸಿಲ್ ಫಾಸ್ಫೇಟ್ ಕೈಗೂ ಒಳ್ಳೇದಲ್ಲ, ನೀರಿಗೂ ಒಳ್ಳೇದಲ್ಲ. ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ.

ಭಾಗ 6/6

ಟ್ಯೂಬ್, ಕಪ್ಲರ್, ಕ್ಯಾನ್ ಎಲ್ಲಾ ಬದಲಾಯಿಸಿದ್ವಿ. ಆದ್ರೆ ನಿಜವಾಗಿ ಸೋರ್ತಿದ್ದ ಜಾಗ ಅದಾಗಿರಲಿಲ್ಲ. ಒಬ್ಬ ಜೂನಿಯರ್ ಹೇಳಿದ ಮಾತು ಒಬ್ಬ ಸೀನಿಯರ್ ಕಿವಿ ತಲುಪೋ ದಾರಿಯಲ್ಲಿ ಸೋರಿಹೋಗಿತ್ತು. ಅಲ್ಲಿಗೆ ಯಾವ ಓ-ರಿಂಗೂ ಸಿಗಲ್ಲ.

ಅದಕ್ಕೆ ನಮ್ಮ ಟೀಮಿನಲ್ಲಿ ಈಗ ಒಂದು ನಿಯಮ. ಯಾರು ಬೇಕಾದ್ರೂ, ನಿನ್ನೆ ಸೇರಿದವರು ಕೂಡ, "ಒದ್ದೆ" ಅಂತ ಕೂಗಿದ್ರೆ ಸ್ಟಾರ್ಟ್ ಇಲ್ಲ. ವಾದ ಇಲ್ಲ. ಅತಿಥಿಗಳು ಕಾಯ್ತಿರ್ಲಿ, ಕ್ಯಾಮೆರಾ ಆನ್ ಇರ್ಲಿ, ಹ್ಯಾಚ್ ತೆಗೆದು ಒಣಗಿಸಿ, ಕಾರಣ ಹುಡುಕಿದ ಮೇಲೇ ಮುಂದಿನ ಮಾತು. ಕಳೆದ ವಾರ ಹೀಗೆ ಕೂಗಿದಾಗ ನೋಡಿದ್ರೆ ಅದು ನೀರಿನ ಬಾಟಲಿ ಸೋರಿದ್ದು. ಅರ್ಧ ಗಂಟೆ ಹೋಯ್ತು. ಕೂಗಿದವಳಿಗೆ ಎಲ್ಲರೂ ಥ್ಯಾಂಕ್ಸ್ ಹೇಳಿದ್ವಿ. ಆ ಅರ್ಧ ಗಂಟೆ ದಂಡ ಅಂತ ನನಗನಿಸಲ್ಲ.

1961ರ ಜೂನ್ 17ರಂದು ಎಚ್‌ಎಎಲ್‌ನ ಮಾರುತ್ ಮೊದಲು ಹಾರಿದ್ದು ಇದೇ ಬೆಂಗಳೂರಲ್ಲಿ. ಅದರ ಟರ್ಬೈನ್ ಮಾಡೆಲ್ ಕಟ್ಟೋದು ನಮ್ಮ ಕನಸು. ಕಟ್ಟೇ ಕಟ್ತೀವಿ. ಕೆಳಗೆ ಹಾಸಿದ ಪೇಪರ್ ಒಣಗಿದ್ರೆ ಮಾತ್ರ ಅದು ಹಾರುತ್ತೆ.

ನಿಮ್ಮ ಟೀಮಿನಲ್ಲಿ "ಒರೆಸು, ಸಾಕು" ಅನ್ನೋರು ಯಾರು? ಟ್ಯಾಗ್ ಮಾಡಿ, ಬೈಯೋದಕ್ಕಲ್ಲ, ಓದಿಸೋದಕ್ಕೆ. ನಮ್ಮ ಟೀಮಿನಲ್ಲಿ ಅದು ನಾನೇ ಆಗಿದ್ದೆ.

#ತಲಘಟ್ಟಪುರ #ಟರ್ಬೈನ್‌ಜೆಟ್ #ಏರೋಮಾಡೆಲಿಂಗ್ #ಒಂದುಹನಿನೂಬೇಡ