ಹಾಡಿದವರ ಹೆಸರು ಬರೆದಿಡಿ: ಹಳೆಯ ಹಿಂದಿ ಚಿತ್ರಗೀತೆಗಳ ಕೇಳುಗರ ಹಕ್ಕೊತ್ತಾಯ ಪತ್ರ

ಇವರಿಗೆ: ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಆಕಾಶವಾಣಿ ಹಾಗೂ ಹಳೆಯ ಧ್ವನಿಮುದ್ರಿಕೆಗಳ ಹಕ್ಕುಳ್ಳ ಕಂಪನಿಗಳು.



1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಮೊದಲ ಹಿಂದಿ ಮಾತಿನ ಚಿತ್ರ 'ಆಲಂ ಆರಾ' ತೆರೆಕಂಡಿತು. ಅದರಲ್ಲಿ 7 ಹಾಡುಗಳಿದ್ದವು. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ, ಹಾಡುಗಳು ಗ್ರಾಮಫೋನ್ ಪ್ಲೇಟಿಗೆ ಇಳಿಯಲೂ ಇಲ್ಲ. ಹೋದದ್ದನ್ನು ತಂದುಕೊಡಿ ಎಂದು ನಾವು ಕೇಳುತ್ತಿಲ್ಲ. ಉಳಿದದ್ದಕ್ಕೆ ಲೆಕ್ಕ ಬರೆಯಿರಿ ಎನ್ನುತ್ತಿದ್ದೇವೆ. ನಾವು ಪಂಡಿತರಲ್ಲ. ಪ್ಲೇಟು ಕೂಡಿಟ್ಟವರು, ರೇಡಿಯೋಗೆ ಕಿವಿಯಿಟ್ಟು ನೋಟುಬುಕ್ಕಿನಲ್ಲಿ ಹಾಡಿನ ವಿವರ ಗೀಚಿಕೊಂಡವರು.

1. ಪ್ರತಿ ಹಾಡಿಗೂ ಹಾಡಿದವರ ಹೆಸರು ಬರೆಯಿರಿ, ಆ ಹೆಸರು ಎಲ್ಲಿಂದ ಸಿಕ್ಕಿತು ಎಂಬುದನ್ನೂ ಬರೆಯಿರಿ. ಪ್ಲೇಟಿನ ಲೇಬಲ್ಲಿನಿಂದಲೋ, ಥೇಟರಿನಲ್ಲಿ ಮಾರುತ್ತಿದ್ದ ಪದ್ಯಾವಳಿಯಿಂದಲೋ, ಯಾರದೋ ನೆನಪಿನಿಂದಲೋ? ಲೇಬಲ್ಲನ್ನೂ ಪೂರ್ತಿ ನಂಬುವಂತಿಲ್ಲ. 1949ರ 'ಮಹಲ್' ಚಿತ್ರದ ಹೆಸರಾಂತ ಹಾಡಿನ ಪ್ಲೇಟಿನಲ್ಲಿ ಗಾಯಕಿಯ ಹೆಸರು 'ಕಾಮಿನಿ' ಎಂದಿತ್ತು. ಅದು ಮಧುಬಾಲಾ ವಹಿಸಿದ ಪಾತ್ರದ ಹೆಸರು! ಹಾಡಿದ್ದು ಯಾರೆಂದು ಕೇಳುಗರು ರೇಡಿಯೋಗೆ ಪತ್ರದ ಮೇಲೆ ಪತ್ರ ಬರೆದ ಮೇಲೆ ಲತಾ ಮಂಗೇಶ್ಕರ್ ಹೆಸರು ಹೊರಬಂತು. ಯಾರೂ ಪತ್ರ ಬರೆಯದೆ ಉಳಿದ ಹಾಡುಗಳ ಗತಿಯೇನು?

2. ಒಬ್ಬ ಗಾಯಕರಿಗೆ ಒಂದೇ ಗುರುತು ಸಂಖ್ಯೆ ಕೊಡಿ. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಹಾಡುವಾಗ 'ಚಿತಳ್ಕರ್' ಆಗುತ್ತಿದ್ದರು. ಗೀತಾ ರಾಯ್ ಮದುವೆಯ ನಂತರ ಗೀತಾ ದತ್ ಆದರು. ಗೋಹರ್ ಎಂಬ ಹೆಸರಿನದು ಇದಕ್ಕೆ ತದ್ವಿರುದ್ಧದ ಕಥೆ: 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೋಹರ್ ಜಾನ್ ಒಬ್ಬರು, ರಣಜಿತ್ ಸ್ಟುಡಿಯೋದ ಮಿಸ್ ಗೋಹರ್ ಇನ್ನೊಬ್ಬರು, ಮರಾಠಿ ರಂಗನಟ ಬಾಲಗಂಧರ್ವರ ಜೊತೆಗಿದ್ದ ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ ಮತ್ತೊಬ್ಬರು. ಒಬ್ಬರ ಫೋಟೋಕ್ಕೆ ಇನ್ನೊಬ್ಬರ ಹೆಸರು ಅಂಟಿಸುವುದು ನಿಲ್ಲಲಿ. ಹೆಮ್ಮಾಡಿ ಮನೆತನದ ಸುಮನ್ ಕಲ್ಯಾಣಪುರ್ ಹಾಡಿದ್ದನ್ನು ಲತಾ ಖಾತೆಗೆ ಜಮಾ ಮಾಡುವುದೂ ನಿಲ್ಲಲಿ.

3. ಪಟ್ಟಿಯನ್ನು ಮೊದಲಿನಿಂದ ಶುರುಮಾಡಬೇಡಿ. ಕಾನ್ಪುರದ ಹರಮಂದಿರ್ ಸಿಂಗ್ 'ಹಮ್‌ರಾಜ್' ಅವರ 'ಹಿಂದಿ ಫಿಲ್ಮ್ ಗೀತ್ ಕೋಶ್' 1931ರಿಂದ 1980ರವರೆಗಿನ ಹಾಡುಗಳನ್ನು ದಶಕಕ್ಕೊಂದು ಸಂಪುಟದಂತೆ ಹಿಡಿದಿಟ್ಟಿದೆ. ಸರ್ಕಾರ ಮಾಡಬೇಕಿದ್ದ ಕೆಲಸ ಅದು. ಅದರ ಮೇಲೆಯೇ ಕಟ್ಟಿ. ಆದರೆ ಒಪ್ಪಿಗೆ ಪಡೆದು, ಗೌರವಧನ ಕೊಟ್ಟು, ಅವರ ಹೆಸರು ಹಾಕಿ. ಹೆಸರು ಉಳಿಸಲು ಹೊರಟವರು ಪಟ್ಟಿ ಮಾಡಿದವರ ಹೆಸರನ್ನೇ ಅಳಿಸಿದರೆ ಹೇಗೆ?

4. ಪಟ್ಟಿಯಿಲ್ಲದೆ ಸಂಖ್ಯೆ ಸಾರಬೇಡಿ. 1974ರ ಗಿನ್ನೆಸ್ ಪುಸ್ತಕ ಲತಾ ಅವರ ಹಾಡುಗಳು 25,000ಕ್ಕೆ ಕಡಿಮೆಯಿಲ್ಲ ಎಂದಿತು. ಮಹಮ್ಮದ್ ರಫಿ ತಕರಾರು ತೆಗೆದರು. ಶ್ರದ್ಧೆಯಿಂದ ಒಂದೊಂದಾಗಿ ಎಣಿಸಿದವರ ಲೆಕ್ಕದ ಮುಂದೆ ಆ ಅಂಕಿ ನಿಲ್ಲಲಿಲ್ಲ.

5. ಚಿತ್ರದಲ್ಲಿರುವ ಹಾಡು ಮತ್ತು ಪ್ಲೇಟಿನ ಹಾಡು ಬೇರೆ ಬೇರೆಯಾಗಿ ದಾಖಲಾಗಲಿ. 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಮಿಕ್ಕ ಚರಣಗಳು ರೀಲಿನಲ್ಲಷ್ಟೇ ಇವೆ, ರೀಲು ಇದ್ದರೆ.

6. ಪುಸ್ತಕದ ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಸಲ್ಲಿಸಲು 1954ರ ಕಾಯ್ದೆ ಇದೆ. ಧ್ವನಿಮುದ್ರಿಕೆಗೂ ಅಂಥದೊಂದು ಬೇಕು. ಕಂಪನಿಗಳು ತಮ್ಮ ರೆಕಾರ್ಡಿಂಗ್ ರಿಜಿಸ್ಟರುಗಳ ನಕಲನ್ನು ಸಂಶೋಧಕರಿಗೆ ಕೊಡಲಿ. ಅಲ್ಲಿ ಬರೀ ಹೆಸರು, ತಾರೀಖು, ನಂಬರು ಇವೆ, ವ್ಯಾಪಾರದ ಗುಟ್ಟೇನಿಲ್ಲ.

7. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಕಡಿವಾಣ ಹಾಕಿದರು; ಕೇಳುಗರು ಸಿಲೋನ್ ರೇಡಿಯೋದತ್ತ ಮುಳ್ಳು ತಿರುಗಿಸಿದರು. ಕೊಲಂಬೊದ ಆ ಕೇಂದ್ರದಲ್ಲಿ ಹಿಂದಿ ಪ್ಲೇಟುಗಳ ದೊಡ್ಡ ಭಂಡಾರವಿದೆ. ಅದರ ಪಟ್ಟಿಯ ಪ್ರತಿ ತರಿಸಿ. ನಾವೇ ಅಟ್ಟಿದ ಹಾಡುಗಳನ್ನು ನಾವೇ ಹೋಗಿ ಕೇಳಬೇಕಾಗಿದೆ, ಇರಲಿ.

8. ವಾದ್ಯವೃಂದದವರು, ಕೋರಸ್ಸಿನವರು, ಸೆಬಾಸ್ಟಿಯನ್ ಡಿಸೋಜಾರಂಥ ಅರೇಂಜರುಗಳು ಪಟ್ಟಿಯೊಳಗೆ ಬರಲಿ. ಬದುಕಿರುವವರನ್ನು ಈ ವರ್ಷವೇ ಮಾತಾಡಿಸಿ.

9. ಸಂಗ್ರಾಹಕರು ತೀರಿಕೊಂಡಾಗ ಪ್ಲೇಟುಗಳು ಗುಜರಿಗೆ ಹೋಗುತ್ತಿವೆ. ಮನೆಯವರದು ತಪ್ಪಲ್ಲ, ಜಾಗ ಬೇಕಲ್ಲ. ತೂಕಕ್ಕೆ ಹಾಕುವ ಮುಂಚೆ ಅವರು ಫೋನು ಮಾಡಲು ಒಂದು ಕಚೇರಿ, ಸಾಗಿಸಲು ಒಂದು ವಾಹನ ಇಡಿ.

10. ಕರ್ನಾಟಕ ಸರ್ಕಾರಕ್ಕೊಂದು ಮಾತು. 1943ರ 'ಕಿಸ್ಮತ್' ಚಿತ್ರದ ಗಾಯಕಿ ಅಮೀರಬಾಯಿ ಕರ್ನಾಟಕಿ ಬೀಳಗಿಯವರು, ಗೋಹರಬಾಯಿಯ ಸೋದರಿ, ತೀರಿಕೊಂಡದ್ದು 1965ರಲ್ಲಿ. ಅಮೀರಬಾಯಿಯ ಜೀವನಕಥನವನ್ನು ರಹಮತ್ ತರೀಕೆರೆ ಬರೆದಿದ್ದಾರೆ. ಓದಿದವರು ಹಾಡು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅಮೀರಬಾಯಿ ಹಿಂದಿ, ಕನ್ನಡ, ಮರಾಠಿಗಳಲ್ಲಿ ಹಾಡಿದ್ದೆಲ್ಲದರ ಪಟ್ಟಿ, ಸಿಕ್ಕಷ್ಟು ಪ್ಲೇಟುಗಳ ಪ್ರತಿ, ಗೊರಗೊರ ಸದ್ದನ್ನು ಅಳಿಸದ ಪ್ರತಿಯೇ, ವಿಜಯಪುರದ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಡ್‌ಫೋನಿನ ಸಮೇತ ಸಿಗಬೇಕು.