ಏಳು ಪೆಟ್ಟು ವಿಚಿತ್ರವೆ?

ಐರ್ಲೆಂಡಿನ ಜನಪದ ಸಂಗೀತದಲ್ಲಿ ಬೌರಾನ್ ಎಂಬ ಚರ್ಮವಾದ್ಯವೊಂದುಂಟು. ಮರದ ಬಳೆಯ ಒಂದು ಮಗ್ಗುಲಿಗೆ ಮಾತ್ರ ಆಡಿನ ಚರ್ಮವನ್ನು ಬಿಗಿದು ಮಾಡಿದ ಈ ವಾದ್ಯವನ್ನು, ಒಂದು ಕೈಯಿಂದ ಚರ್ಮವನ್ನು ಹಿಂದಿನಿಂದ ಒತ್ತುತ್ತ, ಇನ್ನೊಂದು ಕೈಯ ಗಿಡ್ಡ ಕೋಲಿನಿಂದ ಬಾರಿಸುತ್ತಾರೆ. ನಮ್ಮ ಖಂಜಿರದ ದೊಡ್ಡಣ್ಣನೆಂದರೆ ಸಲ್ಲುತ್ತದೆ. 1960ರ ದಶಕದಲ್ಲಿ ಷಾನ್ ಓ ರಿಯಾಡ ಎಂಬ ಸಂಗೀತಜ್ಞನು ತನ್ನ ಮೇಳದಲ್ಲಿ ಅದಕ್ಕೆ ಸ್ಥಾನವಿತ್ತ ಬಳಿಕ ಅದರ ಮಾನ ಹೆಚ್ಚಿತು. ಅಲ್ಲಿಯ ಕುಣಿತದ ಮಟ್ಟುಗಳು ಹೆಚ್ಚಾಗಿ 4, 6 ಅಥವಾ 9ರ ಎಣಿಕೆಯವು. ಆದುದರಿಂದ 5 ಮತ್ತು 7ರ ಎಣಿಕೆಗಳನ್ನು ಆ ವಾದ್ಯದ ಮೇಲೆ ಸಾಧಿಸುವುದನ್ನು 'ವಿಚಿತ್ರ ತಾಳಗಳ ಅಭ್ಯಾಸ'ವೆಂದು ಕರೆಯುವುದುಂಟು.

ಈ ಮಾತನ್ನು ನಮ್ಮ ಭಾವಿಕೇರಿಯಲ್ಲಿ ಆಡಿದರೆ ನಗುವವರೇ ಹೆಚ್ಚು. ರಂಗಸ್ಥಳದ ಮುಂದೆ ರಾತ್ರಿಯೆಲ್ಲ ಕುಳಿತ ಹುಡುಗನಿಗೆ ಯಕ್ಷಗಾನದ ತ್ರಿವುಡೆಯ 7, ಝಂಪೆಯ 10, ಅಷ್ಟತಾಳದ 14 ಅಕ್ಷರಗಳು ಹೆಸರು ತಿಳಿಯುವ ಮೊದಲೇ ಕಿವಿಗೆ ಒಗ್ಗಿರುತ್ತವೆ. ಅದೂ ಬೇಡ, ಶಾಲೆಯಲ್ಲಿ ಕುಮಾರವ್ಯಾಸನ ಪದ್ಯವನ್ನು ಬಾಯಿಪಾಠ ಮಾಡಿದವರೆಲ್ಲ ಏಳರ ಗತಿಯನ್ನು ಬಲ್ಲವರೇ. ಭಾಮಿನಿ ಷಟ್ಪದಿಯ ನಡೆ 3 ಮತ್ತು 4 ಮಾತ್ರೆಗಳದು. ಮೊದಲನೆಯ ಸಾಲು 14 ಮಾತ್ರೆ, ಅಂದರೆ ಎರಡು ಏಳು. ಮೂರನೆಯ ಸಾಲು 21 ಮಾತ್ರೆ, ಮೇಲೊಂದು ಗುರು, ಒಟ್ಟು 23. ತಾಳ ಹಾಕುತ್ತ ಓದಿ ನೋಡಿರಿ: ಆ ಗುರುವಿನ ಬಳಿಕ ಐದು ಮಾತ್ರೆಗಳಷ್ಟು ಕಾದರೆ 28 ಆಗಿ ಏಳರ ಲೆಕ್ಕ ಸರಿಹೋಗುತ್ತದೆ.

ಇಷ್ಟೆಲ್ಲ ಹೇಳುವ ನಾನು ಖಂಜಿರವನ್ನು ಕೈಗೆತ್ತಿಕೊಂಡ ಮೊದಲ ತಿಂಗಳು ಏಳನ್ನು ಎಂಟು ಮಾಡಿಯೇ ಬಾರಿಸಿದೆ. ಕಿವಿ ಬಲ್ಲದ್ದನ್ನು ಕೈ ಅರಿಯದು. ಕಾರಣವನ್ನು ಹುಡುಕಿದಾಗ, ಇಲ್ಲಿ ಎರಡು ತೊಡಕುಗಳು ಬೆರೆತಿವೆಯೆಂದು ಕಂಡಿತು. ಬೌರಾನಿನ ಕೋಲು ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ಚಲಿಸುತ್ತದೆ. ಎಣಿಕೆ ಸಮಸಂಖ್ಯೆಯಾದರೆ ಪ್ರತಿ ಆವರ್ತದ ಮೊದಲ ಪೆಟ್ಟೂ ಕೆಳಮುಖವೇ. ಬೆಸಸಂಖ್ಯೆಯಾದರೆ ಒಂದು ಆವರ್ತ ಕೆಳಪೆಟ್ಟಿನಿಂದಲೂ ಮುಂದಿನದು ಮೇಲುಪೆಟ್ಟಿನಿಂದಲೂ ಆರಂಭವಾಗುತ್ತದೆ. ಎರಡು ಆವರ್ತ ಕಳೆದ ಮೇಲೆಯೇ ಕೈ ಮೊದಲಿನ ಸ್ಥಿತಿಗೆ ಬರುವುದು. ಇದು ಕೈಯ ತೊಡಕು. ಆದರೆ ಐರಿಷರ 9 ಕೂಡ ಬೆಸಸಂಖ್ಯೆಯೇ ಅಲ್ಲವೆ? ಅದು ಅವರಿಗೆ ಸುಲಭವಾಗಲು ಕಾರಣ, ಅದು ಮೂರು ಸಮಭಾಗಗಳಾಗಿ ಒಡೆಯುತ್ತದೆ. ಏಳು ಹಾಗೆ ಒಡೆಯದು. 3, 2, 2 ಎಂದು ಅಸಮವಾಗಿಯೇ ಒಡೆಯಬೇಕು. ಇದು ಕಿವಿಯ ತೊಡಕು. ಎರಡನ್ನೂ ಬೇರ್ಪಡಿಸಿ ಸಾಧಿಸುವುದೇ ಮಾರ್ಗ: ಮೊದಲು 'ತಕಿಟ ತಕ ತಕ' ಎಂದು ಬಾಯಲ್ಲಿ ಮಾತ್ರ, ಬಳಿಕ ಒತ್ತು ಕೊಡದೆ ಎರಡೂ ಕೈಗಳಿಂದ ಏಳೇಳು ಪೆಟ್ಟು, ಕೊನೆಗೆ ಎರಡೂ ಕೂಡಿ. ಪ್ರಯೋಗಶಾಲೆಯಲ್ಲಿ ಒಮ್ಮೆಗೆ ಒಂದೇ ಅಂಶವನ್ನು ಬದಲಿಸಿ ನೋಡಿರೆಂದು ನಾವು ಬೋಧಿಸುವುದೂ ಇದನ್ನೇ.

ಪರೀಕ್ಷೆ ಮುಗಿಯುವವರೆಗೆ ವಾದ್ಯವನ್ನು ಅಟ್ಟಕ್ಕೇರಿಸು ಎಂದು ಹೇಳುವ ಹಿರಿಯರು ಬಹುಮಂದಿ. ತಾಳ ಕಲಿತರೆ ಅಂಕ ಹೆಚ್ಚುತ್ತದೆಂದು ವಾದಿಸಿ ಅವರನ್ನು ಒಲಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಅದಕ್ಕೆ ನನ್ನಲ್ಲಿ ಆಧಾರವೂ ಇಲ್ಲ. ಆದರೆ ಲೋಲಕದ ಪ್ರಯೋಗದಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪೊಂದನ್ನು ಹೇಳಬೇಕು. ವಿದ್ಯಾರ್ಥಿಯು ಗಡಿಯಾರವನ್ನು ಒತ್ತುವಾಗಲೇ 'ಒಂದು' ಎನ್ನುತ್ತಾನೆ. 'ಇಪ್ಪತ್ತು' ಎಂದು ನಿಲ್ಲಿಸುವಾಗ ಆಗಿರುವುದು 19 ಆಂದೋಲನ. ಆ ಕಾಲವನ್ನು 20ರಿಂದ ಭಾಗಿಸಿದರೆ ಆಂದೋಲನಾವಧಿ ಶೇಕಡ 5ರಷ್ಟು ಕಡಿಮೆ ಬರುತ್ತದೆ. ಗುರುತ್ವ ವೇಗೋತ್ಕರ್ಷವು ಅವಧಿಯ ವರ್ಗಕ್ಕೆ ವಿಲೋಮವಾಗಿರುವುದರಿಂದ 9.8 ಬರಬೇಕಾದಲ್ಲಿ ಸುಮಾರು 10.9 ಬರುತ್ತದೆ. ತಾಳ ಹಿಡಿದು ಪಳಗಿದವನು, ಏಳನೆಯ ಪೆಟ್ಟಿಗೆ ಆವರ್ತ ಮುಗಿಯುವುದಿಲ್ಲ, ಮುಂದಿನ ಮೊದಲ ಪೆಟ್ಟಿಗೆ ಮುಗಿಯುತ್ತದೆ ಎಂಬುದನ್ನು ಬೆರಳ ತುದಿಯಲ್ಲಿ ಬಲ್ಲನು. ಪೆಟ್ಟು ಬೇರೆ, ಪೆಟ್ಟುಗಳ ನಡುವಣ ಕಾಲ ಬೇರೆ.

ಗೆಲಿಲಿಯೋನ ತಂದೆ ವಿನ್ಚೆಂಜೋ ವೀಣೆಯಂಥ ಲ್ಯೂಟ್ ವಾದ್ಯದಲ್ಲಿ ನಿಪುಣನಾಗಿದ್ದನು. ಇಳಿಜಾರಿನ ಮೇಲೆ ಗುಂಡನ್ನು ಉರುಳಿಸಿದಾಗ ಗೆಲಿಲಿಯೋ ಹಾಡಿನ ಲಯದಿಂದಲೇ ಸಮಕಾಲಗಳನ್ನು ಗುರುತಿಸಿದ್ದಿರಬೇಕೆಂದು 1975ರಲ್ಲಿ ಸ್ಟಿಲ್‌ಮನ್ ಡ್ರೇಕ್ ಎಂಬ ಇತಿಹಾಸಕಾರನು ಊಹಿಸಿದನು. ಇಂದು ಮಾತ್ರ ಮೊಬೈಲಿನ ಟಿಕ್‌ಟಿಕ್ ಇಲ್ಲದೆ ಅಭ್ಯಾಸಕ್ಕೆ ಕೂರದವರುಂಟು. ಯಂತ್ರವು ಪರೀಕ್ಷಕನಾಗಿರಲಿ, ಊರುಗೋಲಾಗುವುದು ಬೇಡ. 1 ಮೀಟರು ದಾರಕ್ಕೆ ಕಲ್ಲೊಂದನ್ನು ಕಟ್ಟಿ ತೂಗಬಿಡಿರಿ. ಹೋಗಿ ಬರಲು ಅದಕ್ಕೆ ಸುಮಾರು 2 ಸೆಕೆಂಡು ಬೇಕು. ಅಷ್ಟರಲ್ಲಿ ಸಮನಾದ ಏಳು ಪೆಟ್ಟುಗಳನ್ನು ತುಂಬಿರಿ. ಕಲ್ಲು ಆಚೆಯ ತುದಿಯನ್ನು ಮುಟ್ಟುವುದು ನಿಮ್ಮ ನಾಲ್ಕನೆಯ ಮತ್ತು ಐದನೆಯ ಪೆಟ್ಟುಗಳ ನಟ್ಟನಡುವೆ. ಅಲ್ಲೊಂದು ಪೆಟ್ಟು ಹಾಕಲು ಕೈ ತವಕಿಸುತ್ತದೆ. ನಾನು ಏಳನ್ನು ಎಂಟು ಮಾಡುತ್ತಿದ್ದುದು ಅಲ್ಲಿಯೇ.

ವಾದ್ಯದ ಬಗೆಗೊಂದು ಮಾತು. ಖಂಜಿರಕ್ಕೂ ನಮ್ಮ ಕಡೆಯ ಹಾಲಕ್ಕಿಗಳ ಗುಮಟೆಗೂ ಉಡದ ಚರ್ಮವನ್ನು ಹಾಕುತ್ತಿದ್ದುದು ಹಳೆಯ ರೂಢಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಉಡವು ರಕ್ಷಿತ ಪ್ರಾಣಿ. ಆ ಚರ್ಮದ ವಾದ್ಯವನ್ನು ಯಾರಾದರೂ ಮಾರಬಂದರೆ ಕೊಳ್ಳಬೇಡಿರಿ. ಒದ್ದೆ ಮಾಡಿದಾಗ ಭಾರ ಹೆಚ್ಚಿ ಬಿಗಿ ಸಡಿಲಿ ಸ್ಥಾಯಿ ಇಳಿಯುವ ಗುಣ ಆಡಿನ ಚರ್ಮಕ್ಕೂ ಉಂಟು. ಕೃತಕ ಹಾಳೆಗೆ ಆ ಗುಣವಿಲ್ಲ, ಆದರೆ ಮಳೆಗಾಲದಲ್ಲಿ ಅದೇ ಮೇಲು. ಎರಡೂ ದೊರೆಯದಿದ್ದರೆ ರೊಟ್ಟಿನ ಡಬ್ಬಿಯ ಮುಚ್ಚಳವೂ ಏಳನ್ನು ಏಳೆಂದೇ ನುಡಿಯುತ್ತದೆ.