ಅರ್ಥವರಿಯದ ಕೂಗು

2024ನೆಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಅಂತಹ ಇರುಳಿನಲ್ಲಿ ಹಂಪೆ, ಕಂಪ್ಲಿಗಳ ನದೀತೀರದವರನ್ನು ಎಬ್ಬಿಸಬೇಕಾದುದು ಸೈರನ್ನು.

ಹಳೆಯ ಮೋಟಾರು ಸೈರನ್ನು ತಿರುಗುವ ಚಕ್ರದಿಂದ ಗಾಳಿಯನ್ನು ಕತ್ತರಿಸಿ ಕೂಗುವುದು. ಎಲೆಕ್ಟ್ರಾನಿಕ್ ಸೈರನ್ನಾದರೋ ತುತ್ತೂರಿಗಳ ಮೂಲಕ ಮನುಷ್ಯವಾಣಿಯನ್ನೂ ಕೇಳಿಸಬಲ್ಲುದು. ಏರಿಳಿಯುವ ಧ್ವನಿಯು ವಾಯುದಾಳಿಯ ಸೂಚನೆ, ಏಕನಾದವು ಅಪಾಯ ಕಳೆದುದರ ಗುರುತು. ಈ ಸಂಕೇತವನ್ನು 2025ನೆಯ ಮೇ 7ರಂದು ದೇಶದಲ್ಲಿ ನಡೆದ ಅಣಕು ಕವಾಯತು ನೆನಪಿಗೆ ತಂದಿತು. ನೆರೆಯ ಕೂಗನ್ನು ಜನರು ಇದರೊಡನೆ ಬೆರೆಸಿಕೊಂಡರೆ ಗತಿಯೇನು?

ಮಳೆಗಾಲಕ್ಕೆ ಮೊದಲೇ ಅಧಿಕಾರಿಗಳು ಹಳೆಯ ಸೈರನ್ನುಗಳನ್ನು ಗುರುತಿಸಿ, ಪರೀಕ್ಷಿಸಿ, ಅವುಗಳ ಸಂಕೇತವನ್ನು ಊರೂರಿಗೆ ಸಾರಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಅರ್ಥವರಿಯದ ಕೂಗು ಬರಿಯ ಸದ್ದು.